ಸಂಪಾದಕರ ಉತ್ತರ: ಮಾಡಿದವರೇ ಸಿಗಬೇಕು

ಮಾನ್ಯ ಶೆಟ್ಟರೇ,

ನಿಮ್ಮ ನಾಲ್ಕು ಪುಟದ ಪತ್ರ ಬಂದು ಹತ್ತು ದಿನವಾಯಿತು. ನಾನು ಎರಡು ಸಲ ಓದಿದೆ. ಆಮೇಲೆ ಕಚೇರಿಯಲ್ಲಿ ಎಲ್ಲರೂ ಕೂತು ಓದಿದೆವು. ಉತ್ತರ ತಡವಾಯಿತು, ಕ್ಷಮಿಸಿ. ಎರಡು ಸಾಲು ಬರೆದು ಮುಗಿಸುವಂಥ ಪತ್ರ ಅದಲ್ಲ.

ಬೇರೆ ಓದುಗರಿಗಾಗಿ ನಿಮ್ಮ ಮಾತನ್ನು ಇಲ್ಲಿ ಚುಟುಕಾಗಿ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ಭಯೋತ್ಪಾದನೆಯನ್ನು ಅಪರಾಧಶಾಸ್ತ್ರ ಹೇಗೆ ನೋಡುತ್ತದೆ ಅನ್ನುವ ಲೇಖನ ಹಾಕಿದ್ದೆವು. ಅದು ನಿಮಗೆ ಸಿಟ್ಟು ತರಿಸಿದೆ. 2006ರ ಜುಲೈ 11ರ ಸಂಜೆ ಮುಂಬೈಯ ಮಾಹಿಮ್‌ನಲ್ಲಿ ಬಾಂಬ್ ಸಿಡಿದ ಲೋಕಲ್ ರೈಲಿನಲ್ಲಿ ನೀವಿದ್ದಿರಿ. ಫೋರ್ಟಿನ ಹೋಟೆಲಿನ ಗಲ್ಲಾಪೆಟ್ಟಿಗೆ ಅಳಿಯನಿಗೆ ಒಪ್ಪಿಸಿ ಮೀರಾ ರೋಡಿನ ಮನೆಗೆ ಹೊರಟಿದ್ದಿರಿ. ಸಿಡಿದದ್ದು ಫಸ್ಟ್ ಕ್ಲಾಸ್ ಬೋಗಿ. ನೀವು ಪಕ್ಕದ ಸೆಕೆಂಡ್ ಕ್ಲಾಸಿನಲ್ಲಿ ನಿಂತಿದ್ದಿರಿ. ಎಡಗಿವಿ ಇವತ್ತಿಗೂ ಕೇಳುವುದಿಲ್ಲ. ನೀವು ಕೇಳುವುದು ಇಷ್ಟು: 19 ವರ್ಷ ಕಾದ ಮೇಲೆ ಹೈಕೋರ್ಟ್ ಎಲ್ಲರನ್ನೂ ಬಿಟ್ಟುಬಿಟ್ಟಿತು, ಇಂಥವರಿಗೆ ಕೋರ್ಟು ಕಚೇರಿ ಯಾಕೆ, ಸಿಕ್ಕಲ್ಲೇ ಗುಂಡು ಹಾಕಬಾರದೇ? ಕಾರಣ ಹುಡುಕುವುದು ಅಂದರೆ ಕ್ಷಮಿಸಿದ ಹಾಗೇ ಅಲ್ವಾ? ನಮ್ಮ ಸೊಸೈಟಿಯಲ್ಲಿ ‘ಆ ಜನ’ಕ್ಕೆ ಮನೆ ಕೊಡಬಾರದು ಅಂತ ತೀರ್ಮಾನ ಮಾಡಿದ್ದೇವೆ, ಅದರಲ್ಲಿ ತಪ್ಪೇನು?

ನಿಮ್ಮ ಕಿವಿಯ ಮುಂದೆ ನನ್ನ ಓದು ಚಿಕ್ಕದು. ಆ ರಾತ್ರಿ ನಾನು ಮಳೆಯಲ್ಲಿ ದಾದರಿನಿಂದ ಮಾಟುಂಗಾಕ್ಕೆ ನಡೆದು ಬಂದವನು, ಅಷ್ಟೇ. ಫೋನ್ ಯಾರಿಗೂ ಹೋಗುತ್ತಿರಲಿಲ್ಲ. ದಾರಿಯುದ್ದಕ್ಕೂ ಜನ ಗುರುತಿಲ್ಲದವರನ್ನೂ ನಿಲ್ಲಿಸಿ ‘ಯಾವ ಗಾಡಿ, ಯಾವ ಗಾಡಿ’ ಅಂತ ಕೇಳುತ್ತಿದ್ದರು. 11 ನಿಮಿಷದಲ್ಲಿ ಏಳು ಗಾಡಿಗಳಲ್ಲಿ ಬಾಂಬ್ ಸಿಡಿದಿದೆ, 180ಕ್ಕೂ ಹೆಚ್ಚು ಜನ ಹೋಗಿದ್ದಾರೆ ಅನ್ನುವುದು ಆಮೇಲೆ ಗೊತ್ತಾದದ್ದು. ಹಾಗಾಗಿ ನಿಮ್ಮ ಸಿಟ್ಟು ತಪ್ಪು ಅಂತ ನಾನು ಹೇಳುವುದಿಲ್ಲ. ಆ ಸಿಟ್ಟು ಯಾರ ಮೇಲೆ ಹೋಗಬೇಕು ಅನ್ನುವುದರಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ.

ಮೊದಲು ಆ ತೀರ್ಪಿನ ವಿಷಯ. 2015ರಲ್ಲಿ ವಿಶೇಷ ಕೋರ್ಟ್ 12 ಜನರನ್ನು ಅಪರಾಧಿಗಳು ಎಂದಿತು. ಐವರಿಗೆ ಗಲ್ಲು, ಏಳು ಜನರಿಗೆ ಜೀವಾವಧಿ. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ 12 ಜನರನ್ನೂ ಖುಲಾಸೆ ಮಾಡಿತು. ಅವರಲ್ಲಿ ಒಬ್ಬ ಅಷ್ಟರಲ್ಲಿ ಜೈಲಿನಲ್ಲಿದ್ದಾಗಲೇ ಕೋವಿಡ್‌ನಿಂದ ಸತ್ತಿದ್ದ. ಮೂರೇ ದಿನದಲ್ಲಿ ಸುಪ್ರೀಂ ಕೋರ್ಟ್, ಈ ತೀರ್ಪನ್ನು ಬೇರೆ ಕೇಸುಗಳಿಗೆ ಆಧಾರ ಮಾಡಬಾರದು ಎಂದಿತು. ಬಿಡುಗಡೆಯಾದವರನ್ನು ಮಾತ್ರ ಮತ್ತೆ ಒಳಗೆ ಕಳಿಸಲಿಲ್ಲ.

ಹೈಕೋರ್ಟ್ ಅವರನ್ನು ಸುಮ್ನೆ ಬಿಡಲಿಲ್ಲ, ಶೆಟ್ಟರೇ. ತಪ್ಪೊಪ್ಪಿಗೆಗಳನ್ನು ಹೊಡೆದು ಬಡಿದು ಬರೆಸಿಕೊಂಡ ಲಕ್ಷಣ ಕಾಣುತ್ತದೆ ಎಂದಿತು. ಗುರುತು ಪತ್ತೆ ಪರೇಡ್ ನಡೆಸಿದವರಿಗೆ ಅದನ್ನು ನಡೆಸುವ ಅಧಿಕಾರವೇ ಇರಲಿಲ್ಲ ಎಂದಿತು. ಯಾವ ಬಗೆಯ ಬಾಂಬ್ ಬಳಸಿದರು ಅನ್ನುವುದನ್ನು ಕೂಡ ಸರ್ಕಾರಿ ಪಕ್ಷ ತೋರಿಸಲಿಲ್ಲ ಎಂದಿತು. ತೀರ್ಪಿನ ಶುರುವಿನಲ್ಲೇ ಒಂದು ಮಾತಿದೆ. ಕೇಸು ಬಗೆಹರಿಯಿತು ಅನ್ನುವ ಸುಳ್ಳು ಸಮಾಧಾನ ಜನರಿಗೆ ಸಿಗುತ್ತದೆ, ನಿಜವಾದ ಅಪಾಯ ಹೊರಗೇ ಓಡಾಡುತ್ತಿರುತ್ತದೆ ಅನ್ನುವ ಅರ್ಥದ್ದು. ನನಗೆ ನಿದ್ದೆ ಕೆಡಿಸಿದ ಮಾತು ಅದು. ಆ 12 ಜನ ಮಾಡಿಲ್ಲ ಅಂತಾದರೆ, ನಿಮ್ಮ ಗಾಡಿಯ ರ್ಯಾಕ್ ಮೇಲೆ ಬ್ಯಾಗ್ ಇಟ್ಟವನು 19 ವರ್ಷದಿಂದ ಎಲ್ಲೋ ಊಟ ಮಾಡಿ ನಿದ್ದೆ ಮಾಡುತ್ತಿದ್ದಾನೆ. ನಿಮ್ಮ ಸಿಟ್ಟು ಅವನ ಮೇಲೂ ಇರಲಿ, ಅವನನ್ನು ತಪ್ಪಿಸಿಕೊಳ್ಳಲು ಬಿಟ್ಟ ತನಿಖೆಯ ಮೇಲೂ ಇರಲಿ. ಸಿಕ್ಕಲ್ಲೇ ಗುಂಡು ಹಾಕಿದ್ದರೆ ಈ ತಪ್ಪು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಇದಕ್ಕೆ ಪಕ್ಕದಲ್ಲಿ 2008ರ ನವೆಂಬರ್ 26ರ ಮುಂಬೈ ದಾಳಿಯ ಕೇಸನ್ನು ಇಟ್ಟು ನೋಡಿ. ಹತ್ತು ಜನ ದೋಣಿಯಲ್ಲಿ ಬಂದರು. 166 ಜನರನ್ನು ಕೊಂದರು. ಗಿರಗಾಂವ್ ಚೌಪಾಟಿಯಲ್ಲಿ ಕಾರು ನಿಂತಾಗ ಪೊಲೀಸ್ ಎಎಸ್ಐ ತುಕಾರಾಮ್ ಓಂಬ್ಳೆ ಆ ಹತ್ತರಲ್ಲೊಬ್ಬನಾದ ಕಸಬ್‌ನ ಬಂದೂಕಿನ ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದರು. ಅವರ ಬಳಿ ಇದ್ದದ್ದು ಒಂದು ಲಾಠಿ. ಗುಂಡುಗಳು ಮೈಯೊಳಗೆ ಹೋದವು, ಹಿಡಿತ ಬಿಡಲಿಲ್ಲ. ಜತೆಯವರು ಕಸಬ್‌ನನ್ನು ಜೀವಂತ ಹಿಡಿದರು.

ಜೀವಂತ ಹಿಡಿದದ್ದರಿಂದ ಏನಾಯಿತು ನೋಡಿ. ಮಿಕ್ಕ ಒಂಬತ್ತು ಹೆಣಗಳು ಏನೂ ಹೇಳಲಾರದಾದವು. ಈ ಒಬ್ಬ ಮಾತಾಡಿದ. ಎಲ್ಲಿಂದ ಹೊರಟೆವು, ಯಾರು ಕಲಿಸಿದರು, ದೋಣಿ ಹೇಗೆ ಬಂತು ಎಲ್ಲ ಹೊರಬಂತು. ಅವನು ತನ್ನ ದೇಶದವನು ಅಂತ ಪಾಕಿಸ್ತಾನವೇ 2009ರ ಜನವರಿಯಲ್ಲಿ ಒಪ್ಪಬೇಕಾಯಿತು. ವಿಚಾರಣೆ ನಡೆಯಿತು, ಅವನಿಗೂ ವಕೀಲರನ್ನು ಕೊಟ್ಟರು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಶಿಕ್ಷೆ ಒಂದು ಕೂದಲೂ ಅಲುಗದೆ ನಿಂತಿತು. 2012ರ ನವೆಂಬರ್ 21ರಂದು ಪುಣೆಯ ಯೆರವಡಾ ಜೈಲಿನಲ್ಲಿ ಗಲ್ಲಾಯಿತು. ಅದೇ ಕೇಸಿನಲ್ಲಿ ಸಹಾಯ ಮಾಡಿದ ಆರೋಪ ಹೊತ್ತ ಇಬ್ಬರು ಭಾರತೀಯರನ್ನು ಸಾಕ್ಷ್ಯ ಸಾಲದು ಅಂತ ಕೋರ್ಟುಗಳು ಬಿಟ್ಟವು. ಆ ಇಬ್ಬರನ್ನು ಬಿಟ್ಟದ್ದರಿಂದಲೇ ಕಸಬ್‌ಗೆ ಕೊಟ್ಟ ಶಿಕ್ಷೆಯನ್ನು ಜಗತ್ತು ನಂಬಿತು ಅಂತ ನನ್ನ ಬಲವಾದ ಅನಿಸಿಕೆ. ಓಂಬ್ಳೆಯವರು ಪ್ರಾಣ ಕೊಟ್ಟು ನಮಗೆ ತಂದುಕೊಟ್ಟದ್ದು ಒಬ್ಬ ಆರೋಪಿಯನ್ನು. ಅದನ್ನು ಮರೆಯಬಾರದು.

ಇನ್ನು ಕಾರಣದ ಮಾತು. ಕಾರಣ ಬೇರೆ, ಸಮರ್ಥನೆ ಬೇರೆ. ಹೋಟೆಲಿನಲ್ಲಿ ಗಲ್ಲಾದ ದುಡ್ಡು ಹೋದರೆ ನೀವು ಮೊದಲು ಏನು ಕೇಳುತ್ತೀರಿ? ಬೀಗದ ಕೈ ಯಾರ ಹತ್ತಿರ ಇತ್ತು, ಹಿಂಬಾಗಿಲು ಯಾಕೆ ತೆರೆದಿತ್ತು ಅಂತ. ಹಾಗೆ ಕೇಳಿದ ಮಾತ್ರಕ್ಕೆ ಕಳ್ಳನನ್ನು ಕ್ಷಮಿಸಿದ ಹಾಗಾಗುತ್ತದೆಯೇ? ಅಪರಾಧಶಾಸ್ತ್ರ ಕೇಳುವುದೂ ಇದನ್ನೇ. 1979ರಲ್ಲಿ ಅಮೆರಿಕದ ಕೋಹೆನ್ ಮತ್ತು ಫೆಲ್ಸನ್ ಅನ್ನುವ ಇಬ್ಬರು ಹೇಳಿದ್ದು ತುಂಬಾ ಸರಳ. ಅಪರಾಧ ಆಗಬೇಕಾದರೆ ಮೂರು ಒಂದೇ ಜಾಗದಲ್ಲಿ ಸೇರಬೇಕು: ಮಾಡುವ ಮನಸ್ಸಿನವನು, ಕೈಗೆಟುಕುವ ಗುರಿ, ತಡೆಯುವವರು ಇಲ್ಲದಿರುವುದು. ತಡೆಯುವವರು ಅಂದರೆ ಪೊಲೀಸರೇ ಆಗಬೇಕಿಲ್ಲ. ಈಗ ನಮ್ಮ ಲೋಕಲ್‌ನಲ್ಲಿ ರ್ಯಾಕ್ ಮೇಲೆ ಒಂದು ಬ್ಯಾಗ್ ಕಂಡರೆ ಯಾರಾದರೂ ‘ಕಿಸ್ಕಾ ಬ್ಯಾಗ್ ಹೈ?’ ಅಂತ ಕೂಗುತ್ತಾರಲ್ಲ, ‘ಮೇರಾ ಹೈ’ ಅಂತ ಉತ್ತರ ಬರುವವರೆಗೆ ಬಿಡುವುದಿಲ್ಲವಲ್ಲ, ಅವರೇ.

ಈ ಕಣ್ಣಿನಿಂದ 1993ರ ಮಾರ್ಚ್ 12ರ ಮುಂಬೈ ಸರಣಿ ಸ್ಫೋಟವನ್ನು ನೋಡಿದರೆ ಮೈ ಜುಮ್ ಎನ್ನುತ್ತದೆ. ಸ್ಟಾಕ್ ಎಕ್ಸ್‌ಚೇಂಜ್, ಏರ್ ಇಂಡಿಯಾ ಕಟ್ಟಡ, ವರ್ಲಿಯ ಸೆಂಚುರಿ ಬಜಾರ್, ದಾದರಿನ ಪ್ಲಾಜಾ ಸಿನಿಮಾ. ಒಂದೇ ಮಧ್ಯಾಹ್ನ 257 ಜನ ಸತ್ತರು. ಆ ಬಾಂಬ್‌ಗಳ ಆರ್‌ಡಿಎಕ್ಸ್ ಸ್ಫೋಟಕ ಆಕಾಶದಿಂದ ಬೀಳಲಿಲ್ಲ. ರಾಯಗಡದ ದಿಘಿ, ಶೇಖಾಡಿ ಕಡಲತೀರದಲ್ಲಿ ಇಳಿಯಿತು. ಎಷ್ಟೋ ವರ್ಷದಿಂದ ಚಿನ್ನ ಬೆಳ್ಳಿ ಕಳ್ಳಸಾಗಣೆ ನಡೆಯುತ್ತಿದ್ದ ದಾರಿ ಅದು. ಲಂಚ ತಿಂದು ಕಣ್ಣು ಮುಚ್ಚಿಕೊಳ್ಳುವುದು ಅಲ್ಲಿ ರೂಢಿ. ಆ ಸಲವೂ ಮುಚ್ಚಿಕೊಂಡರು. ಕೊನೆಗೆ ಕಸ್ಟಮ್ಸ್ ಅಧಿಕಾರಿಗಳಿಗೂ ಕೆಲವು ಪೊಲೀಸರಿಗೂ ಶಿಕ್ಷೆಯಾಯಿತು. ಅವರು ಯಾವ ಧರ್ಮಕ್ಕಾಗಿಯೂ ಅದನ್ನು ಮಾಡಿದವರಲ್ಲ. ದುಡ್ಡಿಗಾಗಿ ಮಾಡಿದವರು. ಸಾಮಾನ್ಯ ಲಂಚ ಮತ್ತು ಸಾಮಾನ್ಯ ಕಳ್ಳಸಾಗಣೆ ಇಲ್ಲದೆ ಆ ದಿನ ನಡೆಯುತ್ತಿರಲಿಲ್ಲ. ಅದಕ್ಕೂ ಮೊದಲು ಡಿಸೆಂಬರ್ ಜನವರಿಯ ಗಲಭೆಯಲ್ಲಿ 900 ಜನ ಸತ್ತಿದ್ದರು. ಗಲಭೆಯ ತನಿಖೆ ಮಾಡಿದ ಶ್ರೀಕೃಷ್ಣ ಆಯೋಗ ಆ ಗಲಭೆಗೂ ಸ್ಫೋಟಕ್ಕೂ ಇದ್ದ ನಂಟನ್ನು ಬರೆದಿಟ್ಟಿತು. ಹಾಗೆ ಬರೆದದ್ದರಿಂದ ಬಾಂಬ್ ಇಟ್ಟವರ ಪಾಪ ಒಂದು ಗುಲಗಂಜಿಯಷ್ಟೂ ಕಡಿಮೆ ಆಗಲಿಲ್ಲ.

ಸಾಯಲೆಂದೇ ಬಂದವನಿಗೆ ಗಲ್ಲಿನ ಹೆದರಿಕೆ ಇರುವುದಿಲ್ಲ, ನಿಜ. ಆದರೆ ಅವನಿಗೆ ರೂಮು ಕೊಡಿಸುವವನು ಸಾಯಲು ತಯಾರಿರುವುದಿಲ್ಲ. ಸಿಮ್ ಕಾರ್ಡ್ ಕೊಡುವವನು, ಸ್ಕೂಟರ್ ಮಾರುವವನು, ಹಣ ದಾಟಿಸುವವನು, ಇವರಿಗೆಲ್ಲ ಹೆಂಡತಿ ಮಕ್ಕಳಿದ್ದಾರೆ, ನಾಳೆಯ ಯೋಚನೆ ಇದೆ. ಸಿಕ್ಕಿಬೀಳುತ್ತೇವೆ ಅನ್ನುವುದು ಖಾತ್ರಿಯಾದರೆ ಇವರು ಹಿಂದೆ ಸರಿಯುತ್ತಾರೆ. ಶಿಕ್ಷೆ ಎಷ್ಟು ಘೋರ ಅನ್ನುವುದಕ್ಕಿಂತ ಎಷ್ಟು ಖಾತ್ರಿ ಅನ್ನುವುದೇ ಮುಖ್ಯ ಅಂತ ಇಟಲಿಯ ಬೆಕಾರಿಯಾ 1764ರಲ್ಲೇ ಬರೆದ. ಒಬ್ಬ ಅಮಾಯಕ ಒಳಗೆ ಹೋದಾಗ ಆ ಖಾತ್ರಿ ಎರಡು ಕಡೆಯಿಂದ ಹಾಳಾಗುತ್ತದೆ. ಮಾಡಿದವನಿಗೆ ಧೈರ್ಯ ಬರುತ್ತದೆ. ಮಾಡದವನ ಕೇರಿಯಲ್ಲಿ ಪೊಲೀಸರಿಗೆ ಸುದ್ದಿ ಕೊಡುವವರು ಬಾಯಿ ಮುಚ್ಚುತ್ತಾರೆ. 1971ರ ಆಗಸ್ಟಿನಲ್ಲಿ ಉಗ್ರರ ಹಿಂಸೆ ಹತ್ತಿಕ್ಕಲು ಬ್ರಿಟಿಷ್ ಸೇನೆ ಉತ್ತರ ಐರ್ಲೆಂಡಿನಲ್ಲಿ ನೂರಾರು ಜನರನ್ನು ವಿಚಾರಣೆ ಇಲ್ಲದೆ ಒಳಗೆ ಹಾಕಿತು. ಅವರಲ್ಲಿ ಎಷ್ಟೋ ಜನ ಸಂಬಂಧವೇ ಇಲ್ಲದವರು. ಹಿಂಸೆ ನಿಲ್ಲಲಿಲ್ಲ, ಮರುವರ್ಷ ಇನ್ನೂ ಜಾಸ್ತಿಯಾಯಿತು.

ಅಂಕಿ ಬೇಕು ಅಂತ ಕೇಳಿದ್ದೀರಿ, ಒಂದು ಕೊಡುತ್ತೇನೆ. ಅಮೆರಿಕದ ರ್ಯಾಂಡ್ ಸಂಸ್ಥೆ 1968ರಿಂದ 2006ರವರೆಗಿನ 648 ಉಗ್ರ ಗುಂಪುಗಳನ್ನು ನೋಡಿತು. ಮುಗಿದುಹೋದ ಗುಂಪುಗಳಲ್ಲಿ ಶೇ. 43 ರಾಜಕೀಯದ ದಾರಿ ಹಿಡಿದು ಮುಗಿದವು. ಶೇ. 40 ಪೊಲೀಸ್ ಮತ್ತು ಗುಪ್ತಚರ ಕೆಲಸದಿಂದ ಮುಗಿದವು. ಸೈನ್ಯದ ಬಲದಿಂದ ಮುಗಿದದ್ದು ಶೇ. 7. ಠಾಣೆಯ ಕೆಲಸ, ಅಂದರೆ ಜನರೊಂದಿಗೆ ಮಾತಾಡಿ, ನಂಬರ್ ತಾಳೆ ಹಾಕಿ, ಸಾಕ್ಷಿ ಕೂಡಿಸುವ ಕೆಲಸ. ಅದಕ್ಕೆ ಎಲ್ಲ ಕೇರಿಗಳ ಜನ ಬಾಯಿ ಬಿಡಬೇಕು.

ಅದಕ್ಕೇ ನಿಮ್ಮ ಸೊಸೈಟಿಯ ತೀರ್ಮಾನದ ಬಗ್ಗೆ ಬೇಸರದಿಂದ ಬರೆಯುತ್ತಿದ್ದೇನೆ. ಅದು ತಪ್ಪು, ಶೆಟ್ಟರೇ. ಮೆತ್ತಗೆ ಹೇಳಲು ಬರುವುದಿಲ್ಲ. ನವೆಂಬರ್ 26ರ ದಾಳಿ ಮುಗಿದ ಮೇಲೆ ಸತ್ತ ಒಂಬತ್ತು ದಾಳಿಕೋರರನ್ನು ಹೂಳುವ ಪ್ರಶ್ನೆ ಬಂತು. ಮರೀನ್ ಲೈನ್ಸಿನ ಬಡಾ ಕಬ್ರಸ್ತಾನ ನೋಡಿಕೊಳ್ಳುವ ಮುಸ್ಲಿಂ ಟ್ರಸ್ಟಿನವರು ಜಾಗ ಕೊಡುವುದಿಲ್ಲ ಎಂದುಬಿಟ್ಟರು. ಇಂಥ ಕೆಲಸ ಮಾಡಿದವರು ನಮ್ಮವರಲ್ಲ ಎಂದರು. ಸತ್ತವನಿಗೆ ಮಣ್ಣು ಕೊಡದಿರುವುದು ಎಂಥ ದೊಡ್ಡ ಮಾತು ಅಂತ ನಿಮಗೆ ಗೊತ್ತು. ತಿಂಗಳುಗಟ್ಟಲೆ ಹೆಣಗಳು ಶವಾಗಾರದಲ್ಲೇ ಇದ್ದವು. ಭಯೋತ್ಪಾದಕ ಬಯಸುವುದು ನಾವು ಅಕ್ಕಪಕ್ಕದ ಮನೆಯವರನ್ನು ಅನುಮಾನಿಸಬೇಕು ಅಂತಲೇ. ಆ ಟ್ರಸ್ಟಿನವರು ಅವನಿಗೆ ಅದನ್ನು ಕೊಡಲಿಲ್ಲ. ನಿಮ್ಮ ಸೊಸೈಟಿ ಕೊಟ್ಟಿದೆ.

ನಿಮ್ಮ ಪತ್ರದ ಮೂರನೇ ಪುಟದ ಕೆಳಗೆ ಒಂದು ಸಾಲಿದೆ. ನೀವೇ ಅದನ್ನು ಗಮನಿಸದೆ ಬರೆದ ಹಾಗಿದೆ. ‘ಹಳಿಯ ಪಕ್ಕದ ಜೋಪಡಿಯ ಹುಡುಗರು ಮನೆಯ ಚಾದರ ತಂದು ನಮ್ಮನ್ನು ಅದರಲ್ಲಿ ಮಲಗಿಸಿ ರಸ್ತೆವರೆಗೆ ಹೊತ್ತರು, ನನ್ನ ತಲೆಯ ಕಡೆ ಹಿಡಿದಿದ್ದವನ ಹೆಸರು ರಫೀಕ್ ಅಂತ ಯಾರೋ ಕರೆದದ್ದು ಬಲಗಿವಿಗೆ ಕೇಳಿಸಿತು.’ ಆ ಸಂಜೆ ಆಂಬುಲೆನ್ಸ್ ಬರುವ ಮೊದಲು ಎಷ್ಟೋ ಜನ ಉಳಿದದ್ದು ಇಂಥ ಚಾದರಗಳಿಂದ.

ನಿಮ್ಮ ಪತ್ರವನ್ನು ಈ ಸಂಚಿಕೆಯಲ್ಲೇ ಒಂದಕ್ಷರ ಕತ್ತರಿಸದೆ ಹಾಕಿದ್ದೇವೆ. ಮುಂದಿನ ಸಂಚಿಕೆಗೆ ಆ ಚಾದರದ ಬಗ್ಗೆ ಬರೆದುಕೊಡಿ. ಅದರ ಬಣ್ಣ ನೆನಪಿದ್ದರೆ ಅದನ್ನೂ ಬರೆಯಿರಿ. ರಸ್ತೆಯಲ್ಲಿ ನಿಮ್ಮನ್ನು ಯಾವ ಗಾಡಿಗೆ ಹತ್ತಿಸಿದರು, ಆ ಹುಡುಗ ಜತೆಗೆ ಬಂದನೇ, ಆಮೇಲೆ ಎಂದಾದರೂ ಅವನನ್ನು ಹುಡುಕಿಕೊಂಡು ಮಾಹಿಮ್‌ಗೆ ಹೋಗಿದ್ದಿರಾ? ಬರೆಯಲು ಕಷ್ಟವಾದರೆ ಹೇಳಿ, ಭಾನುವಾರ ನಾನೇ ಮೀರಾ ರೋಡಿಗೆ ಬರುತ್ತೇನೆ. ನಿಮ್ಮ ಬಲಗಡೆ ಕೂತು ಬರೆದುಕೊಳ್ಳುತ್ತೇನೆ.

ನಿಮ್ಮ,
ಸಂಪಾದಕ