ಹೊಸ ಹಂದಿ ತಂದಿಲ್ಲ, ರೋಗ ಬಂದದ್ದೆಲ್ಲಿಂದ?

ಪ್ರಶ್ನೆ: ನಮ್ಮಲ್ಲಿ ಹನ್ನೆರಡು ತಾಯಿಹಂದಿಗಳಿವೆ. ಒಂದು ವರ್ಷದಿಂದ ಹೊರಗಿನ ಹಂದಿ ತಂದಿಲ್ಲ. ಆದರೂ ಕಳೆದ ತಿಂಗಳು ಎರಡು ಸೂಲಿನ ಮರಿಗಳು ವಾಂತಿ, ನೀರುಭೇದಿಯಾಗಿ ನಾಲ್ಕೇ ದಿನಗಳಲ್ಲಿ ಸತ್ತವು. ಹಂದಿಗಳಿಗೂ ಕೊರೊನಾ ಬರುತ್ತದೆ ಎಂದು ಮೊಬೈಲ್‌ನಲ್ಲಿ ಓದಿದೆ. ಗಾಳಿಯಲ್ಲಿ ಬಂದಿರಬಹುದೇ? ಯಾವ ಆಂಟಿಬಯೊಟಿಕ್ ಕೊಡಬೇಕು?

ಉತ್ತರ: ‘ಹೊಸ ಹಂದಿ ತಂದಿಲ್ಲ’ ಎಂಬ ಮಾತಿಲ್ಲದ ಪತ್ರವೇ ನನಗೆ ಬರುವುದಿಲ್ಲ. ಸರಿ, ಹಂದಿ ತಂದಿಲ್ಲ. ಹಂದಿ ಕೊಳ್ಳಲು ಬಂದ ವ್ಯಾಪಾರಿಯ ಟೆಂಪೊ ಎಲ್ಲಿ ನಿಂತಿತ್ತು? ತೂಕ ಅಂದಾಜು ಮಾಡಲು ಅವನು ಶೆಡ್ಡಿನೊಳಗೆ ಬಂದಾಗ ಕಾಲಿನಲ್ಲಿದ್ದ ಚಪ್ಪಲಿ, ಅದೇ ಬೆಳಿಗ್ಗೆ ಇನ್ನೆಷ್ಟು ಶೆಡ್ಡುಗಳನ್ನು ಸುತ್ತಿ ಬಂದಿತ್ತು? ಮೇವಿನ ಚೀಲ ಹೊಸದೋ, ಇನ್ನೊಬ್ಬರ ಮನೆಯಲ್ಲಿ ಖಾಲಿಯಾಗಿ ಬಂದದ್ದೋ? ಇವುಗಳನ್ನು ಯಾರೂ ಬರೆಯುವುದಿಲ್ಲ. ಭೇದಿ ತರುವ ಹಂದಿ ಕೊರೊನಾ ವೈರಸ್ ಮಲದಿಂದ ಬಾಯಿಗೆ ಹೋಗುತ್ತದೆ. ಮಲ ಹೊತ್ತು ತರಲು ಹಂದಿಯೇ ಬೇಕಾಗಿಲ್ಲ.

ನಿಮ್ಮ ಮರಿಗಳು ಇದರಿಂದಲೇ ಸತ್ತವು ಎಂದು ಪತ್ರ ಓದಿ ನಾನು ಹೇಳುವುದಿಲ್ಲ. ಇ. ಕೊಲೈ ಬ್ಯಾಕ್ಟೀರಿಯಾ, ರೋಟಾ ವೈರಸ್ ಕೂಡ ಎಳೆಮರಿಗಳಿಗೆ ಭೇದಿ ಹಿಡಿಸುತ್ತವೆ. ಪರೀಕ್ಷೆಯಿಲ್ಲದೆ ಹೆಸರು ಹೇಳುವವರನ್ನು ನಂಬಬೇಡಿ, ಅವರು ಡಾಕ್ಟರಾಗಿದ್ದರೂ.

ಆದರೆ ಕೊರೊನಾ ಹೇಗೆ ಒಳನುಗ್ಗುತ್ತದೆ ಎಂದು ತಿಳಿಯಬೇಕಾದರೆ 2013ರ ಅಮೆರಿಕವನ್ನು ನೋಡಿ. ಪಿಇಡಿ ಎಂಬ ಹಂದಿಭೇದಿಯ ಕೊರೊನಾ ವೈರಸ್ ಬೆಲ್ಜಿಯಂನಲ್ಲಿ 1978ರಲ್ಲೇ ಗುರುತಾಗಿತ್ತು. ಚೀನಾದಲ್ಲಿ 2010ರಿಂದ ಅದರ ಉಗ್ರ ತಳಿ ಮರಿಗಳನ್ನು ಕೊಲ್ಲುತ್ತಿತ್ತು. ಅಮೆರಿಕದಲ್ಲಿ ಮಾತ್ರ ಅದರ ಸುಳಿವೇ ಇರಲಿಲ್ಲ. 2013ರ ವಸಂತದಲ್ಲಿ ಕಾಣಿಸಿಕೊಂಡ ರೋಗ ವರ್ಷದೊಳಗೆ ಸುಮಾರು 70 ಲಕ್ಷ ಮರಿಗಳನ್ನು ನುಂಗಿತು. ಕೆಲಸಗಾರರು ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಒಳಗೆ ಹೋಗುವಂಥ ಕಟ್ಟುನಿಟ್ಟಿನ ಫಾರ್ಮ್‌ಗಳಿಗೂ ಅದು ಹೊಕ್ಕಿತು.

ಹೇಗೆ? ಕಸಾಯಿಖಾನೆಗೆ ಹಂದಿ ಹೊತ್ತು ಬಂದ ಲಾರಿಗಳನ್ನು ಅಲ್ಲಿನ ಸಂಶೋಧಕರು ಒರೆಸಿ ಪರೀಕ್ಷಿಸಿದರು. ನೂರಕ್ಕೆ ಆರೇಳು ಲಾರಿಗಳು ವೈರಸ್ ಹೊತ್ತೇ ಬಂದಿದ್ದವು. ಶುದ್ಧವಾಗಿ ಬಂದ ಲಾರಿಗಳಲ್ಲಿಯೂ ನೂರಕ್ಕೆ ಐದರಷ್ಟು ಹಂದಿ ಇಳಿಸುವಷ್ಟರಲ್ಲಿ ಅಲ್ಲಿಯೇ ಮಲಿನವಾದವು. ಹಂದಿ ಮಾರಿ ಖಾಲಿ ಲಾರಿಯಲ್ಲಿ ಬಂದವನು ರೋಗವನ್ನು ಮನೆಗೆ ತಂದಿದ್ದ. ದೇಶದೊಳಗೆ ಮೊದಲು ಕಾಲಿಟ್ಟದ್ದು ಸರಕು ಸಾಗಿಸಿ ಮತ್ತೆ ಬಳಸುವ ದೊಡ್ಡ ಚೀಲಗಳ ಮೂಲಕ ಇರಬಹುದು ಎಂಬುದು ಅಮೆರಿಕದ ಕೃಷಿ ಇಲಾಖೆ 2015ರಲ್ಲಿ ಕೊಟ್ಟ ಅಂದಾಜು. ನಿಮ್ಮ ಶೆಡ್ಡಿನ ಮೂಲೆಯಲ್ಲಿ ಮಡಿಸಿಟ್ಟ ಹಳೇ ಬೂಸಾ ಚೀಲಗಳನ್ನು ಒಮ್ಮೆ ನೋಡಿಕೊಳ್ಳಿ.

ಗಾಳಿಯ ವಿಚಾರ. ರೋಗ ಬಿದ್ದ ಕೊಟ್ಟಿಗೆಯಿಂದ ಗಾಳಿ ಬೀಸುವ ದಿಕ್ಕಿನಲ್ಲಿ ಹತ್ತು ಮೈಲಿ ದೂರದಲ್ಲೂ ಪಿಇಡಿ ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ಆನುವಂಶಿಕ ವಸ್ತು, ಸಿಕ್ಕಿದ್ದುಂಟು. ಆರ್‌ಎನ್‌ಎ ಸಿಕ್ಕಿತೆಂದರೆ ರೋಗ ತರಬಲ್ಲ ಜೀವಂತ ವೈರಸ್ ಸಿಕ್ಕಿತೆಂದು ಅರ್ಥವಲ್ಲ. ಗಾಳಿಯಿಂದ ಹರಡುವ ಹಂದಿ ಕೊರೊನಾ ಬೇರೆಯೇ ಇದೆ. ಟಿಜಿಇ ಎಂಬ ಕರುಳಿನ ವೈರಸ್ ತನ್ನ ಮೇಲ್ಮೈಯ ಮುಳ್ಳಿನ ಒಂದು ತುಂಡನ್ನು ಕಳೆದುಕೊಂಡು ಶ್ವಾಸಕೋಶಕ್ಕೆ ವಾಸ ಬದಲಿಸಿತು. ಬೆಲ್ಜಿಯಂನಲ್ಲಿ 1984ರಲ್ಲಿ ಗುರುತಾದ ಆ ಹೊಸ ರೂಪ ಉಸಿರಿನಿಂದ ಹಬ್ಬುತ್ತದೆ, ಅದರ ಕಾಟವೂ ಸೌಮ್ಯ. ನಿಮ್ಮ ಮರಿಗಳಿಗಾದದ್ದು ಭೇದಿ. ಗಾಳಿಯನ್ನು ದೂರಿದರೆ ಗಮ್‌ಬೂಟು ತೊಳೆಯುವವರಾರು?

ಈಗ ಔಷಧದ ಮಾತು. ಪಿಇಡಿಯಿಂದ ಸತ್ತ ಮೂರು ದಿನದ ಮರಿಯ ಹೊಟ್ಟೆ ಬಿಚ್ಚಿದವರು ಆ ನೋಟವನ್ನು ಮರೆಯುವುದಿಲ್ಲ. ಜಠರದ ತುಂಬ ಗಟ್ಟಿಯಾದ ಹಾಲು. ಅಂದರೆ ಮರಿ ಸಾಯುವವರೆಗೂ ಹಾಲು ಕುಡಿದಿದೆ. ಅದರ ಕೆಳಗೆ ಸಣ್ಣಕರುಳು ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗೆ, ಒಳಗಿನ ಹಳದಿ ನೀರು ಹೊರಗೆ ಕಾಣುವಂತೆ. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ನಿಂತು ಆಹಾರ ಹೀರುವ ಕುಡಿಗಳಿರುತ್ತವೆ. ವೈರಸ್ ಆ ಕುಡಿಗಳ ಹೊರಕೋಶಗಳನ್ನೇ ಹೊಕ್ಕು ಒಡೆಯುತ್ತದೆ. ಕುಡಿಗಳು ಮೊಂಡಾಗುತ್ತವೆ, ಹಾಲು ಜೀರ್ಣವಾಗದೆ ಮೈಯ ನೀರನ್ನೂ ಎಳೆದುಕೊಂಡು ಹೊರಹೋಗುತ್ತದೆ. ಹಾಲು ಬಿಟ್ಟ ಮರಿಯಲ್ಲಿ ಆ ಕೋಶಗಳು ಎರಡು ಮೂರು ದಿನಗಳಲ್ಲಿ ಮತ್ತೆ ಹುಟ್ಟುತ್ತವೆ. ಆಗಷ್ಟೇ ಹುಟ್ಟಿದ ಎಳೆಮರಿಗೆ ಐದರಿಂದ ಏಳು ದಿನ ಬೇಕು. ಅಷ್ಟು ದಿನ ಅದು ಬದುಕಿರುವುದಿಲ್ಲ. ಅದೇ ವೈರಸ್ ದೊಡ್ಡ ಹಂದಿಯಲ್ಲಿ ಒಂದು ವಾರದ ಭೇದಿಯಾಗಿ ಮುಗಿಯುವುದು, ವಾರದೊಳಗಿನ ಮರಿಗಳಲ್ಲಿ ಸೂಲಿಗೆ ಸೂಲನ್ನೇ ಒಯ್ಯುವುದು ಇದೇ ಕಾರಣಕ್ಕೆ.

ಇಲ್ಲಿ ಆಂಟಿಬಯೊಟಿಕ್ ಏನು ಮಾಡೀತು? ವೈರಸ್ಸಿಗೆ ಅದು ತಾಗುವುದಿಲ್ಲ. ಆದರೂ ಬ್ಯಾಗು ನೇತುಹಾಕಿಕೊಂಡು ಊರೂರು ತಿರುಗುವ ನಕಲಿ ಡಾಕ್ಟರು ಬಂದು ಎಲ್ಲ ಮರಿಗಳಿಗೂ ಒಂದೇ ಸೂಜಿಯಲ್ಲಿ ಚುಚ್ಚಿ ಹೋಗುತ್ತಾನೆ. ಅಷ್ಟೂ ಹಣ ದಂಡ, ಮೇಲೆ ಅವನ ಬೂಟಿನ ಮಲ ನಿಮ್ಮ ಅಂಗಳದಲ್ಲಿ. ಇನ್ನು ಕೆಲವರು ಭೇದಿ ನಿಲ್ಲಲಿ ಎಂದು ತಾಯಿಹಾಲು ಬಿಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಂದಿಮರಿ ಗರ್ಭದಲ್ಲಿ ತಾಯಿಯಿಂದ ರೋಗನಿರೋಧಕ ಪ್ರತಿಕಾಯಗಳನ್ನು ಪಡೆಯುವುದಿಲ್ಲ, ಗಿಣ್ಣುಹಾಲು ಮತ್ತು ಹಾಲಿನಲ್ಲಿ ಬಂದದ್ದಷ್ಟೇ ಅದರ ಆಸ್ತಿ. ಮರಿಗಳನ್ನು ಬೆಚ್ಚಗೆ, ಒಣಗಿದ ಜಾಗದಲ್ಲಿ ಇಡಿ. ರೋಗದ ಮರಿಗಳು ತಾಯಿಯ ಮೈಮೇಲೆ ಹತ್ತಿ ಮಲಗುವುದು ಚಳಿಗೆ. ಓಆರ್‌ಎಸ್ ನೀರನ್ನು ಮತ್ತೆ ಮತ್ತೆ ಕುಡಿಸಿ. ಇಷ್ಟು ಮಾಡಿದರೂ ತೀರ ಎಳೆಯವು ಉಳಿಯುವ ಭರವಸೆ ಕೊಡಲಾರೆ.

ಶೆಡ್ಡಿಗೆ ಬ್ಲೀಚಿಂಗ್ ಪೌಡರ್ ಎರಚಿದೆವು ಎನ್ನುತ್ತಾರೆ. ಮಲದ ಮೇಲೆ ಎರಚಿದರೆ ಪುಡಿಯ ಬಲವೆಲ್ಲ ಮಲಕ್ಕೇ ಖರ್ಚಾಗುತ್ತದೆ. ಮೊದಲು ಕೆರೆದು ತೆಗೆಯಿರಿ, ಸೋಪಿನ ನೀರಿನಲ್ಲಿ ಉಜ್ಜಿ, ತೊಳೆದು ಒಣಗಿಸಿ, ಆಮೇಲೆ ಔಷಧ ಹಾಕಿ, ಮತ್ತೆ ಒಣಗಲು ಬಿಡಿ. ತಂಪಿನಲ್ಲಿ, ಗಂಜಲ ಬೆರೆತ ಕೆಸರಿನಲ್ಲಿ ಪಿಇಡಿ ವೈರಸ್ ನಾಲ್ಕು ವಾರ ಜೀವಂತವಾಗಿರಬಲ್ಲದು. ಅದಕ್ಕೆ ಆಗದ್ದು ಬಿಸಿ ಮತ್ತು ಒಣಗಾಳಿ. ಅಮೆರಿಕದಲ್ಲಿ ಲಾರಿಯನ್ನು 71 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷ ಕಾಯಿಸುವ ಕ್ರಮ ಬಂದದ್ದು ಇದಕ್ಕಾಗಿ. ನಮಗೆ ಬಿಸಿಲು ಪುಕ್ಕಟೆ ಇದೆ, ಗಾಡಿಯನ್ನೂ ಬೂಟನ್ನೂ ತೊಳೆದು ಅದರಲ್ಲಿ ಒಣಗಿಸಿ. ಶೆಡ್ಡಿಗೊಂದು ಜೊತೆ ಗಮ್‌ಬೂಟು ಬೇರೆಯೇ ಇರಲಿ, ಅದು ಬಾಗಿಲು ದಾಟಬಾರದು. ವ್ಯಾಪಾರಿ ಗೇಟಿನ ಹೊರಗೇ ನಿಲ್ಲಲಿ. ಅವನು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಪ್ರಶ್ನೆ: ಸತ್ತ ಮರಿಗಳ ಕರುಳನ್ನು ರುಬ್ಬಿ ಗಬ್ಬದ ಹಂದಿಗೆ ತಿನ್ನಿಸಿದರೆ ಮುಂದಿನ ಸೂಲು ಉಳಿಯುತ್ತದಂತೆ, ನಿಜವೇ?

ಉತ್ತರ: ತಾಯಿಯ ಕರುಳಿಗೆ ಸೋಂಕು ತಗುಲಿದರೆ ಅಲ್ಲಿ ಸಜ್ಜಾದ ರಕ್ಷಣೆ ಕೆಚ್ಚಲಿಗೆ ಹೋಗಿ ಹಾಲಿನಲ್ಲಿ ಇಳಿಯುತ್ತದೆ ಎಂಬುದು ನಿಜ. ಅಮೆರಿಕದಲ್ಲಿ ಪಶುವೈದ್ಯರ ಕಣ್ಗಾವಲಿನಲ್ಲಿ ಹೀಗೆ ಮಾಡಿದ್ದಾರೆ. ಆದರೆ ಆ ಕರುಳಿನಲ್ಲಿ ಇನ್ನಾವ ರೋಗವಿದೆಯೋ, ಪರೀಕ್ಷೆ ಮಾಡದೆ ತಿನ್ನಿಸಿದರೆ ಅದನ್ನೂ ಮಂದೆಗೆಲ್ಲ ಬಡಿಸಿದಂತೆ. ನಾನು ಇದಕ್ಕೆ ಒಪ್ಪಿಗೆ ಕೊಡುವುದಿಲ್ಲ.

ಪ್ರಶ್ನೆ: ಮನುಷ್ಯರ ಕೋವಿಡ್ ಲಸಿಕೆಯನ್ನು ಹಂದಿಗೆ ಹಾಕಿಸಬಹುದೇ?

ಉತ್ತರ: ಬೇಡ. ಅದು ಬೇರೆ ವೈರಸ್ಸಿಗೆ ಮಾಡಿದ ಲಸಿಕೆ.

ಪ್ರಶ್ನೆ: ಇದೇ ಅಲ್ಲವೇ ಪತ್ರಿಕೆಯಲ್ಲಿ ಬರುವ ಹಂದಿಜ್ವರ?

ಉತ್ತರ: ಅಲ್ಲ. ಅದನ್ನು ತರುವ ಎಚ್1ಎನ್1 ಇನ್‌ಫ್ಲುಯೆಂಜಾ ವೈರಸ್, ಕೊರೊನಾ ಅಲ್ಲ.

ಪ್ರಶ್ನೆ: ಪಂದಿ ಕರಿ ತಿಂದರೆ ಕೊರೊನಾ ಬರುತ್ತದೆಯೇ?

ಉತ್ತರ: ಪಿಇಡಿ ವೈರಸ್ ಮನುಷ್ಯರಿಗೆ ಬರುವುದಿಲ್ಲ. ಚೆನ್ನಾಗಿ ಬೇಯಿಸಿ ತಿನ್ನಿ.

ಪ್ರಶ್ನೆ: ಹಾಗಾದರೆ ಮಕ್ಕಳು ಹಂದಿಮರಿಗಳ ಜೊತೆ ಆಡಿದರೆ ತೊಂದರೆ ಇಲ್ಲವಲ್ಲ?

ಉತ್ತರ: ಇದಕ್ಕೆ ಮಾತ್ರ ನಾನು ಸುಲಭವಾಗಿ ‘ಇಲ್ಲ’ ಎನ್ನುವುದಿಲ್ಲ. ಡೆಲ್ಟಾಕೊರೊನಾ ಎಂಬ ಇನ್ನೊಂದು ಹಂದಿ ವೈರಸ್ ಹೈಟಿ ದೇಶದ ಮೂವರು ಮಕ್ಕಳಲ್ಲಿ ಪತ್ತೆಯಾಗಿದೆ ಎಂದು 2021ರಲ್ಲಿ ವರದಿಯಾಯಿತು. ಭೇದಿ ಬಿದ್ದಿರುವ ಶೆಡ್ಡಿನೊಳಗೆ ಮಕ್ಕಳನ್ನು ಬಿಡಬೇಡಿ, ಕೆಲಸ ಮುಗಿಸಿ ಬಂದವರು ಸೋಪಿನಿಂದ ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡಿ. ಹನ್ನೆರಡು ಹಂದಿಗಳ ಓದುಗರಿಗೂ ಒಂದು ಮಾತು: ಮುಂದಿನ ಸೂಲಿನಲ್ಲಿ ಭೇದಿ ಕಂಡರೆ, ಮೊದಲ ದಿನವೇ ತಾಲ್ಲೂಕು ಪಶು ಆಸ್ಪತ್ರೆಗೆ ಫೋನ್ ಮಾಡಿ, ಆಗಷ್ಟೇ ಭೇದಿ ಶುರುವಾದ ಮರಿಯ ಮಲವನ್ನು ಐಸ್ ಡಬ್ಬಿಯಲ್ಲಿಟ್ಟು ಕಳುಹಿಸಿ. ಎರಡು ದಿನ ಬಿಸಿಲಲ್ಲಿ ಕೊಳೆತ ಮರಿಯನ್ನು ತಂದುಕೊಟ್ಟರೆ ಯಾವ ಪ್ರಯೋಗಾಲಯಕ್ಕೂ ಏನೂ ಹೇಳಲಾಗುವುದಿಲ್ಲ.