ಸರ್ಕಾರಿ ಆಸ್ಪತ್ರೇಲಿ ದುಡ್ಡು ಸಾಲದೇ ಹೋದಾಗ ಹೇಗೆ ನಿಭಾಯಿಸ್ತಾರೆ?

ನೀವು ಕೇಳಿರೋದು, ಸರ್ಕಾರಿ ಆಸ್ಪತ್ರೆಗೆ ಬರೋ ದುಡ್ಡು ಖರ್ಚಿಗೆ ಸಾಲದಿದ್ರೆ ಏನ್ ಮಾಡ್ತಾರೆ, ಖರ್ಚು ಕಡಿತ ಬಿಟ್ರೆ ಬೇರೆ ದಾರಿ ಇದ್ಯಾ ಅಂತ. ನಾನು ಒಂದು ತಾಲೂಕು ಆಸ್ಪತ್ರೆಯ ಅಕೌಂಟ್ಸ್ ಸೆಕ್ಷನ್ನಲ್ಲಿ 11 ವರ್ಷ ಇದ್ದೆ, ಅಲ್ಲಿ ಕಂಡಿದ್ದನ್ನೇ ಹೇಳ್ತೀನಿ.

ನಮ್ಮಲ್ಲಿ ಕೊರತೆ ಅನ್ನೋದು ಲೆಕ್ಕದ ಪುಸ್ತಕದಲ್ಲಿ ಕಾಣೋದೇ ಇಲ್ಲ. ಎಷ್ಟು ಅನುದಾನ ಬಿಡುಗಡೆ ಆಯ್ತೋ ಅಷ್ಟೇ ಖರ್ಚು, ಅದರ ಮೇಲೆ ಬಿಲ್ಲು ಕಳಿಸಿದ್ರೆ ಖಜಾನೆ-2ರಲ್ಲಿ, ಅಂದ್ರೆ ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೇಲಿ, ಪಾಸ್ ಆಗಲ್ಲ. ಆದ್ರೆ ಸಾಲದೇ ಇರೋದು ಯಾರ ತಲೆ ಮೇಲಾದ್ರೂ ಬೀಳ್ಲೇಬೇಕಲ್ಲ, ಹೊರಗುತ್ತಿಗೆ ಕ್ಲೀನಿಂಗ್‌ನವರಿಗೆ ಸಂಬಳ ತಡ ಆಗತ್ತೆ, ಕರೆಂಟ್ ಬಿಲ್ ಬಾಕಿ ಬೀಳತ್ತೆ, ಲ್ಯಾಬಲ್ಲಿ ಟೆಸ್ಟ್ ಮಾಡೋ ರಾಸಾಯನಿಕ (ರೀಏಜೆಂಟ್) ಖಾಲಿ ಆಗತ್ತೆ, ಕೊನೆಗೆ ಕೂಲಿ ಬಿಟ್ಟು ಮಗೂನ ಎತ್ಕೊಂಡು ಬಂದಿರೋ ತಾಯಿ ಕೈಗೆ ಚೀಟಿ ಕೊಟ್ಟು 'ಹೊರಗಡೆ ಮೆಡಿಕಲ್ಲಲ್ಲಿ ತಗೊಂಬಾಮ್ಮ' ಅಂತಾರೆ. ಆಸ್ಪತ್ರೆಯ ಕೊರತೆ ಎಷ್ಟು ಅಂತ ಗೊತ್ತಾಗ್ಬೇಕಾದ್ರೆ ಆ ಚೀಟಿಗಳನ್ನ ಎಣಿಸ್ಬೇಕು ಅಂತ ನಾನು ಮೀಟಿಂಗಲ್ಲೇ ಹೇಳಿದ್ದೆ, ಈಗ್ಲೂ ಅದನ್ನೇ ಹೇಳ್ತೀನಿ.

ದಾರಿ ಇದೆ. ದೊಡ್ಡದು ಅಂದ್ರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಚಿಕಿತ್ಸಾ ಯೋಜನೆಯ ಕ್ಲೈಮು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅಂತ ಎಲ್ರಿಗೂ ಗೊತ್ತು, ಆದ್ರೆ ಸರ್ಕಾರಿ ಆಸ್ಪತ್ರೇಲಿ ಆಪರೇಷನ್ ಆದ್ರೂ ಅದಕ್ಕೆ ಯೋಜನೇಲಿ ನಿಗದಿ ಮಾಡಿರೋ ಪ್ಯಾಕೇಜ್ ದುಡ್ಡು ಆಸ್ಪತ್ರೆಗೆ ಬರತ್ತೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಒಂದ್ಸಲ ಆಪರೇಷನ್ ಥಿಯೇಟರ್ ಪಕ್ಕದ ಬೀರು ತೆಗೆದ್ರೆ 38 ಕೇಸ್ ಶೀಟ್ ಹಾಗೇ ಬಿದ್ದಿತ್ತು, ಹರ್ನಿಯಾ, ಫ್ರಾಕ್ಚರ್ ಎಲ್ಲಾ, ಚಿಕಿತ್ಸೆಗೆ ಮುಂಚಿನ ಒಪ್ಪಿಗೆ (ಪ್ರೀ-ಆಥ್) ತಗೊಂಡಿದಾರೆ ಆದ್ರೆ ಡಿಸ್ಚಾರ್ಜ್ ಸಮರಿ ಅಪ್‌ಲೋಡ್ ಮಾಡಿಲ್ಲ, ಯಾಕಂದ್ರೆ ಆ ಕೆಲಸ ಯಾರದ್ದು ಅಂತಾನೇ ತೀರ್ಮಾನ ಆಗಿರ್ಲಿಲ್ಲ! ವಾರ್ಡ್ ಸಿಸ್ಟರ್, ಯೋಜನೆ ಕೆಲಸ ನೋಡ್ಕೊಳ್ಳೋ ಆರೋಗ್ಯ ಮಿತ್ರ, ನಾನು ಮೂರೂ ಜನ ಸಂಜೆ ಹೊತ್ತು ಕೂತು ಒಂದೊಂದಾಗಿ ಕ್ಲಿಯರ್ ಮಾಡಿದ್ವಿ. ಕೆಲವು ರಿಜೆಕ್ಟ್ ಆದ್ವು, ಆದ್ರೆ ಬಂದಿದ್ದು ಆಸ್ಪತ್ರೆ ಮಟ್ಟದ ಆರೋಗ್ಯ ರಕ್ಷಾ ಸಮಿತಿ ಖಾತೆಗೆ ಬಿದ್ದು ಅದ್ರಲ್ಲೇ ಎಷ್ಟೋ ತಿಂಗಳು ಔಷಧಿ ಲೋಕಲ್ ಪರ್ಚೇಸ್ ನಡೀತು.

ಇನ್ನೊಂದು ಇಂಡೆಂಟು, ಅಂದ್ರೆ ಇಷ್ಟು ಔಷಧಿ ಬೇಕು ಅಂತ ಕಳಿಸೋ ಬೇಡಿಕೆ ಪಟ್ಟಿ. ಹೋದ ವರ್ಷದ್ದಕ್ಕೆ 10 ಪರ್ಸೆಂಟ್ ಸೇರಿಸಿ ಕಳಿಸೋ ಚಾಳಿ ಬಿಟ್ಟು ಯಾವ ಮಾತ್ರೆ ಎಷ್ಟು ಹೋಗ್ತಿದೆ ಅಂತ ನೋಡಿ ಬರೆದ್ರೆ ಒಂದ್ಕಡೆ ಎಕ್ಸ್‌ಪೈರಿ, ಇನ್ನೊಂದ್ಕಡೆ ಖಾಲಿ ಅನ್ನೋದು ತಪ್ಪತ್ತೆ. ಮಾರ್ಚ್ ಎಂಡ್‌ನಲ್ಲಿ ದುಡ್ಡು ಲ್ಯಾಪ್ಸ್ ಆಗತ್ತೆ ಅಂತ ಬೇಡದ ಕುರ್ಚಿ ಬೀರು ತಗೊಳ್ಳೋದೂ ಇದೇ ಥರದ ಪೋಲು.

ಖರ್ಚು ಉಳಿಸೋಕೆ ಕೈ ಹಾಕ್ಬಾರ್ದ ಜಾಗ ಅಂದ್ರೆ ನರ್ಸುಗಳ ಸಂಖ್ಯೆ. ಇಂಗ್ಲೆಂಡಿನ ಸ್ಟ್ಯಾಫರ್ಡ್ ಆಸ್ಪತ್ರೇಲಿ 2006ರ ಆಸುಪಾಸು ದುಡ್ಡು ಉಳಿಸೋಕೆ ಸಿಬ್ಬಂದಿ ಇಳಿಸಿದ್ರು, ರೋಗಿಗಳಿಗೆ ನೀರು ಕೊಡೋಕೂ ಜನ ಇಲ್ಲದ ಸ್ಥಿತಿ ಬಂತು, ಅದರ ವಿಚಾರಣೆಯ 2013ರ ಫ್ರಾನ್ಸಿಸ್ ವರದೀಲಿ ಅದೆಲ್ಲಾ ಇದೆ, ಓದಿದ್ರೆ ಹೊಟ್ಟೆ ಉರಿಯತ್ತೆ.

ಆದ್ರೂ ಆಸ್ಪತ್ರೆ ಮಟ್ಟದಲ್ಲಿ ಎಷ್ಟು ಮಾಡಿದ್ರೂ ಒಂದು ಮಿತಿ ಇದೆ. ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ದುಡ್ಡಲ್ಲಿ ಕೇಂದ್ರದ್ದು 60 ಪರ್ಸೆಂಟ್, ರಾಜ್ಯದ್ದು 40, ಕಂತು ತಡ ಆದ್ರೆ ಕೆಳಗೆ ಎಲ್ಲಾ ನಿಲ್ಲತ್ತೆ. 2017ರ ರಾಷ್ಟ್ರೀಯ ಆರೋಗ್ಯ ನೀತೀಲಿ 2025ರ ಹೊತ್ತಿಗೆ ಸರ್ಕಾರದ ಆರೋಗ್ಯ ವೆಚ್ಚ ಜಿಡಿಪಿಯ 2.5 ಪರ್ಸೆಂಟ್ ಮಾಡ್ತೀವಿ ಅಂದಿದ್ರು, ಅದು ಬರದೇ ನಾವು ಬೀರು ಹುಡುಕಿ ಎಷ್ಟಂತ ತುಂಬ್ಸೋದು?

ನಿಮ್ಮೂರಿನ ಆಸ್ಪತ್ರೆ ಬಗ್ಗೆ ಕೇಳ್ತಿದ್ರೆ, ಆರೋಗ್ಯ ರಕ್ಷಾ ಸಮಿತಿ ಸಭೆ ನಡಾವಳಿ ಮತ್ತೆ ಬಾಕಿ ಕ್ಲೈಮ್ ಪಟ್ಟಿ ಮಾಹಿತಿ ಹಕ್ಕಲ್ಲಿ ಕೇಳಿ. ಎರಡೂ ಒಟ್ಟಿಗೇ ಕೇಳಿ, ಒಂದನ್ನ ಮಾತ್ರ ನೋಡಿದ್ರೆ ಏನೂ ಅರ್ಥ ಆಗಲ್ಲ.