ಹದಿನೈದು ವರ್ಷ ಒಂದೇ ಸಾಲಿನಲ್ಲಿ?

ಜಮಖಂಡಿಯ ತರುಣ ವಕೀಲೆಯೊಬ್ಬರಿಗೆ ಬೆಳಗಾವಿಯಿಂದ ಸಂಪಾದಕರ ಉತ್ತರ

ತಂಗಿ,

ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಅವರ ಪತ್ನಿ ಹಿಲರಿ ಕ್ಲಿಂಟನ್ ಅವರನ್ನು ಕುರಿತ ನಿಮ್ಮ 'ಶ್ವೇತಭವನದ ವಕೀಲೆ' ಲೇಖನವನ್ನು ಎರಡು ಸಲ ಓದಿದೆ. ಭಾಷೆ ಸ್ವಚ್ಛವಾಗಿದೆ, ಅಕ್ಷರದೋಷ ಇಲ್ಲ, ಹೇಳಿದ ಅಳತೆಯೊಳಗೆ ಮುಗಿಸಿದ್ದೀರಿ. ಆದರೂ ಹೀಗೇ ಅಚ್ಚು ಹಾಕಲಾರೆ. ಬೇರೆಯವರು ಬರೆದಿದ್ದರೆ ಎರಡು ಸಾಲಿನಲ್ಲಿ ಮರಳಿಸುತ್ತಿದ್ದೆ. ದಿನಾ ಕೋರ್ಟಿಗೆ ಹೋಗುವ ನೀವು ಒಬ್ಬ ವಕೀಲೆಯ ಬದುಕಿನಲ್ಲಿ ವಕೀಲಿಕೆಯನ್ನೇ ಕೈಬಿಟ್ಟಿದ್ದೀರಲ್ಲ, ಆ ಸಿಟ್ಟಿಗೆ ಇಷ್ಟುದ್ದ ಬರೆಯುತ್ತಿದ್ದೇನೆ.

ಎರಡನೇ ಪುಟದ ಈ ಸಾಲು ನೋಡಿರಿ: 'ಶ್ರೀಮತಿ ಕ್ಲಿಂಟನ್ 1977ರಲ್ಲಿ ಕಪ್ಪು ಗೌನು ಧರಿಸಿ ನ್ಯಾಯಾಲಯದ ಮೆಟ್ಟಿಲೇರಿದರು, ಕೆಲಕಾಲ ಯಶಸ್ವಿಯಾಗಿ ವಕೀಲಿಕೆ ನಡೆಸಿ ಪತಿಯ ನೆರಳಾಗಿ ನಿಂತರು.'

'ಶ್ರೀಮತಿ ಕ್ಲಿಂಟನ್' ಎಂದಿದ್ದೀರಿ. 1975ರ ಅಕ್ಟೋಬರ್‌ನಲ್ಲಿ ಮದುವೆಯಾದ ಮೇಲೂ ಅವರು ಹಿಲರಿ ರಾಡಮ್ ಆಗಿಯೇ ಉಳಿದರು. ಗಂಡನ ಅಡ್ಡಹೆಸರು ಹಚ್ಚಿಕೊಂಡದ್ದು 1982ರಲ್ಲಿ. ಬಿಲ್ ಕ್ಲಿಂಟನ್ ಅರ್ಕಾನ್ಸಾ ರಾಜ್ಯದ ಗವರ್ನರ್ ಚುನಾವಣೆಯನ್ನು ಹಿಂದಿನ ಸಲ ಸೋತು ಮತ್ತೆ ನಿಂತ ವರ್ಷ ಅದು. ಹೆಸರು ಬದಲಾದ ಆ ಒಂದು ಸಂಗತಿಯಲ್ಲೇ ಅರ್ಧ ಲೇಖನ ಇತ್ತು.

'ಕಪ್ಪು ಗೌನು' ನಮ್ಮ ಜಿಲ್ಲಾ ಕೋರ್ಟಿನಿಂದ ಹೋಗಿ ಅಲ್ಲಿ ಸೇರಿದೆ. ಅಮೆರಿಕದಲ್ಲಿ ವಕೀಲರು ಗೌನು ಹಾಕುವುದಿಲ್ಲ, ನ್ಯಾಯಾಧೀಶರು ಹಾಕುತ್ತಾರೆ. ನಮ್ಮ ಕೊರಳಿನ ಬಿಳಿ ಬ್ಯಾಂಡೂ ಅಲ್ಲಿಲ್ಲ.

'ಕೆಲಕಾಲ' ಎಂಬ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. 1977ರಿಂದ 1992ರವರೆಗೆ, ಹದಿನೈದು ವರ್ಷ ಅವರು ಅರ್ಕಾನ್ಸಾದ ಲಿಟಲ್ ರಾಕ್ ಊರಿನ ರೋಸ್ ಲಾ ಫರ್ಮ್ ಎಂಬ ವಕೀಲರ ಕಚೇರಿಯಲ್ಲಿದ್ದರು. 1979ರಲ್ಲಿ ಅಲ್ಲಿ ಪಾಲುದಾರರಾದರು, ಆ ಕಚೇರಿಯ ಮೊದಲ ಮಹಿಳಾ ಪಾಲುದಾರೆ. ಗಂಡ ಗವರ್ನರ್ ಆದದ್ದೂ ಅದೇ ವರ್ಷ. ಗವರ್ನರ್ ಸಂಬಳ ವರ್ಷಕ್ಕೆ 35,000 ಡಾಲರ್, ಹೆಂಡತಿಯ ಗಳಿಕೆ ಅದಕ್ಕಿಂತ ಹೆಚ್ಚು. ಇದು ಗೊತ್ತಾದ ಮೇಲೆ 'ನೆರಳು' ಎಂಬ ಪದ ಹೇಗೆ ನಿಂತೀತು?

ಇನ್ನು 'ಯಶಸ್ವಿಯಾಗಿ'. ಏನು ಕೆಲಸ, ಯಾವ ತಕರಾರು, ಅದನ್ನು ಹೇಳಿರಿ. ಅವರದು ಹೆಚ್ಚಾಗಿ ಪೇಟೆಂಟ್ ಮತ್ತು ವ್ಯಾಪಾರದ ವ್ಯಾಜ್ಯ. ಅಂಥ ಕಚೇರಿಗಳಲ್ಲಿ ಫೀಯನ್ನು ನಮ್ಮಂತೆ ವಿಚಾರಣೆಯ ಒಂದೊಂದು ತಾರೀಖಿನ ಲೆಕ್ಕದಲ್ಲಿ ಹಿಡಿಯುವುದಿಲ್ಲ, ಗಂಟೆಯ ಲೆಕ್ಕದಲ್ಲಿ ಹಿಡಿಯುತ್ತಾರೆ. ಗಂಟೆಯನ್ನು ಹತ್ತು ಪಾಲು ಮಾಡಿ, ಒಂದು ಫೋನಿಗೆ 6 ನಿಮಿಷ ಹೋದರೆ 0.1 ಎಂದು ಬರೆದಿಡುತ್ತಾರೆ. ಯಾವ ಪಕ್ಷಕಾರ, ಯಾವ ಕೆಲಸ, ಎಷ್ಟು ಹೊತ್ತು, ಎಲ್ಲವೂ ಕಾಗದದ ಮೇಲೆ ಉಳಿಯುತ್ತದೆ. ಮುಂದೆ ಅವರನ್ನು ಬೆನ್ನಟ್ಟಿ ಬಂದದ್ದು ಇದೇ ಕಾಗದ. ಮ್ಯಾಡಿಸನ್ ಗ್ಯಾರಂಟಿ ಎಂಬ ಸಾಲ-ಠೇವಣಿ ಸಂಸ್ಥೆಗಾಗಿ 1985-86ರಲ್ಲಿ ಮಾಡಿದ ಸುಮಾರು 60 ಗಂಟೆ ಕೆಲಸದ ಬಿಲ್ಲುಗಳನ್ನು ಆ ಸಂಸ್ಥೆಯ ವ್ಯವಹಾರದ ತನಿಖೆ ನಡೆಸಿದವರು ಬಹಳ ದಿನ ಕೇಳಿದ್ದರು. ಅವು 1996ರ ಜನವರಿಯಲ್ಲಿ ಶ್ವೇತಭವನದ ಮನೆಯ ಭಾಗದಲ್ಲೇ ಸಿಕ್ಕವು. ಅದೇ ತಿಂಗಳು 26ರಂದು ಅವರು ಗ್ರ್ಯಾಂಡ್ ಜ್ಯೂರಿ, ಅಂದರೆ ಆರೋಪ ಹೊರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ, ಅದರ ಮುಂದೆ ಸಾಕ್ಷಿ ಹೇಳಿದರು. ಅಧ್ಯಕ್ಷರ ಪತ್ನಿಯೊಬ್ಬರು ಹಾಗೆ ಹೋದದ್ದು ಅದೇ ಮೊದಲು. ನಿಮ್ಮ ಲೇಖನದಲ್ಲಿ ಇದಕ್ಕೆ 'ಕೆಲವು ಆರೋಪಗಳೂ ಬಂದವು' ಎಂಬ ಮೂರು ಪದ.

ನಾಲ್ಕನೇ ಪುಟದಲ್ಲಿ 'ಶ್ವೇತಭವನದಲ್ಲೂ ವಕೀಲಿಕೆ ಮುಂದುವರಿಸಿದರು' ಎಂದಿದ್ದೀರಿ. ಇಲ್ಲ. ಅಲ್ಲಿ ಅವರು ಯಾರ ವಕಾಲತ್ತೂ ಹಾಕಲಿಲ್ಲ. ನಡೆದದ್ದು ನಿಮ್ಮ ಕಲ್ಪನೆಗಿಂತ ದೊಡ್ಡದು. ಗಂಡ ಅಧಿಕಾರ ವಹಿಸಿಕೊಂಡ ಐದೇ ದಿನಕ್ಕೆ, 1993ರ ಜನವರಿ 25ರಂದು, ಆರೋಗ್ಯ ಸುಧಾರಣೆಯ ಕಾರ್ಯಪಡೆಗೆ ಅವರನ್ನು ಮುಖ್ಯಸ್ಥೆ ಮಾಡಲಾಯಿತು. ಸಭೆಗಳು ಬಾಗಿಲು ಹಾಕಿಕೊಂಡು ನಡೆದವು. ವೈದ್ಯರ ಸಂಘವೊಂದು ಕೋರ್ಟಿಗೆ ಹೋಯಿತು. ಅವರ ಆಧಾರ 1972ರ ಕಾನೂನು: ಸರ್ಕಾರಕ್ಕೆ ಸಲಹೆ ಕೊಡುವ ಸಮಿತಿಯಲ್ಲಿ ಹೊರಗಿನವರು ಒಬ್ಬರಿದ್ದರೂ ಸಭೆ ಬಹಿರಂಗವಾಗಿ ನಡೆಯಬೇಕು, ಎಲ್ಲರೂ ಸರ್ಕಾರದ ಪೂರ್ಣಾವಧಿ ಅಧಿಕಾರಿಗಳೋ ನೌಕರರೋ ಆಗಿದ್ದರೆ ವಿನಾಯಿತಿ. ಹಾಗಾದರೆ ಸಂಬಳವಿಲ್ಲದ, ನೇಮಕದ ಆದೇಶವಿಲ್ಲದ ಅಧ್ಯಕ್ಷರ ಹೆಂಡತಿ ಒಳಗಿನವರೋ ಹೊರಗಿನವರೋ? ಮಾರ್ಚ್‌ನಲ್ಲಿ ಕೆಳಗಿನ ಕೋರ್ಟು ಅವರು ಸರ್ಕಾರದ ಅಧಿಕಾರಿಯೂ ಅಲ್ಲ, ನೌಕರರೂ ಅಲ್ಲ ಎಂದಿತು. ಜೂನ್‌ನಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಿರುವಿತು. ಅಧ್ಯಕ್ಷರ ಕೆಲಸದಲ್ಲಿ ನೆರವಾಗುವ ಸಂಗಾತಿಗೆ ಸಿಬ್ಬಂದಿ ಕೊಡಲು ಸಂಸತ್ತೇ ಕಾನೂನು ಮಾಡಿದೆ, ಆದ್ದರಿಂದ ಈ ಕಾಯಿದೆಯ ಮಟ್ಟಿಗೆ ಅವರನ್ನು ಸರ್ಕಾರದ ಅಧಿಕಾರಿ ಎಂದೇ ಎಣಿಸಬಹುದು ಎಂದಿತು.

ತಂಗಿ, ಹದಿನೈದು ವರ್ಷ ಬೇರೆಯವರ ಪರ ವಾದಿಸಿದ ಹೆಂಗಸು ಈಗ ತಾನೇ ತಕರಾರಿನ ವಸ್ತು. 'ನಾನು ಯಾರು' ಎಂಬುದನ್ನು ಕೋರ್ಟು ತೀರ್ಮಾನಿಸುತ್ತಿದೆ. ರಾಷ್ಟ್ರದ ಮುಖ್ಯಸ್ಥನನ್ನು ಮದುವೆಯಾದ ವಕೀಲೆಯ ಬದುಕು ಎಂದರೆ ಇದು. ಬಾರ್ ರೂಮಿನಲ್ಲಿ ಕೂಡುವ ನೀವು ಇದನ್ನು ಬಿಟ್ಟು ಅವರ ಉಡುಪಿನ ಬಣ್ಣಕ್ಕೆ ಒಂದು ಪ್ಯಾರಾ ಕೊಟ್ಟಿದ್ದೀರಿ.

ನಾನು ಕೋರ್ಟಿನ ವರದಿ ಕಲಿಯುವಾಗ ಹಿರಿಯರು ಒಂದು ಪದ್ಧತಿ ಹಾಕಿಕೊಟ್ಟಿದ್ದರು. ತೀರ್ಪಿನ ಕೊನೆಯ ಆದೇಶ ಮೊದಲು ಓದಬೇಕು. ಆಮೇಲೆ ಮೂರೇ ಸಾಲು: ಅರ್ಜಿದಾರ ಏನು ಕೇಳಿದ, ಎದುರಿನವ ಏನಂದ, ಕೋರ್ಟು ಯಾವ ಕಲಮಿನ ಮೇಲೆ ನಿಂತಿತು. ರೋಜನಾಮೆ, ಅಂದರೆ ಕೋರ್ಟಿನ ದಿನದಿನದ ನಡಾವಳಿಯ ದಾಖಲೆ, ನೋಡಿ ತಾರೀಖುಗಳನ್ನು ಅಂಚಿನಲ್ಲಿ ಬರೆಯಬೇಕು. ಮೂರು ಸಾಲಿನಲ್ಲಿ ಒಂದು ವಿಶೇಷಣ ನುಸುಳಿದರೂ ಹಾಳೆ ಹರಿದು ಮತ್ತೆ ಬರೆಸುತ್ತಿದ್ದರು. ಈ ಪದ್ಧತಿ ತಪ್ಪಿದಾಗ ಏನಾಗುತ್ತದೆ ಎಂಬುದು ನಿಮ್ಮ ಲೇಖನದಲ್ಲೇ ಇದೆ: ತಾರೀಖು ಇಲ್ಲದ ಕಡೆಯೆಲ್ಲ 'ಧೀಮಂತ', 'ದಿಟ್ಟ', 'ಅಪ್ರತಿಮ' ಬಂದು ಕೂತಿವೆ. ಎಣಿಸಿದೆ, ಹತ್ತೊಂಬತ್ತು ಇವೆ.

ಹೀಗೆ ಮಾಡಿರಿ. ಬಾಲ್ಯ, ಮೊದಲ ಭೇಟಿ, ಮದುವೆ ಎಲ್ಲ ತೆಗೆದು 1993ರ ಆ ಮೊಕದ್ದಮೆಯಿಂದ ಶುರು ಮಾಡಿರಿ. ಅಲ್ಲಿಂದ ಹಿಂದಕ್ಕೆ ರೋಸ್ ಕಚೇರಿಗೆ, ಆಮೇಲೆ ಮುಂದಕ್ಕೆ 1996ರ ಬಿಲ್ಲುಗಳಿಗೆ ಬನ್ನಿರಿ. ಅಚ್ಚಿನಲ್ಲಿ ಮೂರು ಪುಟ ಕೊಡುತ್ತೇನೆ. ಇಡೀ ಲೇಖನ ಈಗಲೇ ಬೇಡ, ಮೊದಲ ಪುಟವೊಂದನ್ನೇ ಬರೆದು ಕಳಿಸಿರಿ. ಓದಲು ಕಾಯುತ್ತಿರುತ್ತೇನೆ.